ಬಳೆಗಾರ್ತಿ ಚಿಗವ್ವನ ಬಲಗೈ

ಇವತ್ತು ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಗಾಜಿನ ಸ್ಲೈಡುಗಳನ್ನು ತಟ್ಟೆಗೆ ಜೋಡಿಸುವಾಗ ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ದಿನಾ ಕೇಳುವ ಸದ್ದೇ. ಆದರೆ ಇವತ್ತು ಅದು ನನ್ನನ್ನು ಹೈದರಾಬಾದಿನಿಂದ ಎತ್ತಿ ಮಸ್ಕಿಯ ಬಸ್‌ಸ್ಟ್ಯಾಂಡಿನ ಪಕ್ಕದ ಬಳೆ ಅಂಗಡಿಯ ಮುಂದೆ ಕೂರಿಸಿಬಿಟ್ಟಿತು. ಅದು ನಮ್ಮ ಬಳೆಗಾರ್ತಿ ಚಿಗವ್ವನ ಅಂಗಡಿ. ರಕ್ತಸಂಬಂಧವೇನೂ ಇರಲಿಲ್ಲ, ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಆಕೆ ಚಿಗವ್ವನೇ.

ಆಕೆಯ ಬಲಗೈ ಎಂಥದ್ದು ಅಂತೀರಿ! ನನ್ನದೋ ಒರಟು ಎಲುಬಿನ ಕೈ, ಬಳೆ ಏರಿಸುವುದೆಂದರೆ ಅವ್ವನಿಗೂ ತಲೆನೋವು. ಚಿಗವ್ವ ಮಾತ್ರ ಎಡಗೈಯಲ್ಲಿ ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಹಿಡಿದು, ಬಲಗೈಯಲ್ಲಿ ಬಳೆ ತೂರಿಸುತ್ತಾ ಯಾರ ಮನೆಯದೋ ಸುದ್ದಿ ತೆಗೆಯುತ್ತಿದ್ದಳು. "ಕೈ ಸಡ್ಲ ಬಿಡು ನನ್ನವ್ವ, ನೀ ಬಿಗಿ ಹಿಡದ್ರ ಬಳಿಗೆ ಸಿಟ್ಟು ಬರ್ತೈತಿ" ಎನ್ನುವಳು. ಆ ಸುದ್ದಿ ಏನಾಯಿತು ಎಂದು ನಾನು ಕೇಳುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತಿತ್ತು.

ಆ ಕೈಗೇ ಲಕ್ವಾ ಹೊಡೆಯಿತು. ಬೆಳಿಗ್ಗೆ ಅಂಗಡಿ ತೆರೆಯುವಾಗ ಬಾಯಿ ಸೊಟ್ಟಗಾಗಿ ಬಲಗೈ ಜೋತುಬಿತ್ತು. ಲಕ್ವಾ ಎಂದರೆ ನಮ್ಮ ಕಡೆ ಇವತ್ತಿಗೂ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ, ಮೂಗಿಗೆ ಸೊಪ್ಪಿನ ರಸ ಬಿಡುವವರು. ನಾವೆಲ್ಲ ಕಾಕಾ ಎನ್ನುತ್ತಿದ್ದ ಆಕೆಯ ಗಂಡ ಟಂಟಂ ಆಟೋ ಮಾಡಿಕೊಂಡು ಸಂತೆಕಲ್ಲೂರು ದಾಟಿ ಅಂಥದೊಂದು ಮನೆಗೆ ಓಡಿದರು. ರಸ ಬಿಡಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಸಿಂಧನೂರಿನ ಆಸ್ಪತ್ರೆ ಮುಟ್ಟುವಾಗ ಹೊತ್ತು ಇಳಿದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಸಮಯ ಮೀರಿದೆ ಎಂದರಂತೆ ಡಾಕ್ಟರು. ಜೀವ ಉಳಿಯಿತು, ಕಾಲು ಸುಧಾರಿಸಿತು, ಬಲಗೈ ಮಾತ್ರ ಹೇಳಿದ ಮಾತು ಕೇಳದಾಯಿತು.

ಆಕೆ ಸುಮ್ಮನೆ ಕೂರುವ ಪೈಕಿಯೇ? ಎಡಗೈಯಲ್ಲಿ ಬಳೆ ಏರಿಸುವುದನ್ನು ಕಲಿಯತೊಡಗಿದಳು. ಕಲಿಯಲಿಕ್ಕೆ ಯಾರದಾದರೂ ಕೈ ಬೇಕಲ್ಲ, ಕಾಕಾ ತಮ್ಮದನ್ನೇ ಕೊಟ್ಟರು. ಬಸ್ಸಿಗೆ ಕಾಯುವ ಮಂದಿಯೆದುರು, ದೊಡ್ಡ ಮೀಸೆಯ ಆ ಗಂಡಸು ಮೊಳಕೈತನಕ ಹಸಿರು ಬಳೆ ತೊಟ್ಟು ಕೂರುತ್ತಿದ್ದರು! "ನಗ್ರಿ ನಗ್ರಿ, ನಕ್ಕೋಂತ ಒಂದ್ ಡಜನ್ ತಗೊಂಡೂ ಹೋಗ್ರಿ" ಎಂದು ಅಲ್ಲೇ ವ್ಯಾಪಾರವನ್ನೂ ಮಾಡುತ್ತಿದ್ದರು. ಅದನ್ನು ನೋಡಿ ನಾನೂ ಹೊಟ್ಟೆ ಹಿಡಿದು ನಕ್ಕಿದ್ದೇನೆ, ಮನೆಗೆ ಬಂದು ಅತ್ತೂ ಇದ್ದೇನೆ.

ಆದರೂ ಬಸುರಿಯರ ಕುಬುಸಕ್ಕೆ, ಮದುವೆಗೆ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಶುಭಕಾರ್ಯದಲ್ಲಿ ಬಳೆ ಒಡೆದೀತು ಎಂಬ ಭಯ. ಆಗ ನಾನು ಸಂಶೋಧನೆಗೆ ಸೇರಿದ ಹೊಸತು, ಬಸುರಿಯಾಗಿ ರಜೆಯ ಮೇಲೆ ತವರಿಗೆ ಬಂದಿದ್ದೆ. ಕುಬುಸಕ್ಕೆಂದು ಗಂಡನ ಊರು ಗುರುಗುಂಟಾದಿಂದ ಬಂದ ನಮ್ಮ ಅತ್ತೆ, "ಲಿಂಗಸುಗೂರಿಂದ ಬ್ಯಾರೆ ಬಳಿಗಾರ್ತಿನ್ನ ಕರಸೂನು" ಎಂದರು. ಚಿಗವ್ವನೇ ಬರಬೇಕೆಂದು ನಾನು ಹಟ ಹಿಡಿದೆ. ಬಸುರಿಯ ಹಟಕ್ಕೆ ಎದುರುಂಟೆ! ಚಿಗವ್ವ ಬಂದಳು. ಒಂದು ಬಳೆ ಒಡೆದರೂ ಇನ್ನು ಯಾವ ಮನೆಯವರೂ ತನ್ನನ್ನು ಕರೆಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಕೈಗೆ ಬಳೆಗಳು ಸಲೀಸಾಗಿ ಏರಿದವು. ಇನ್ನೊಂದು ಕೈಗೆ ಮೊದಲ ಬಳೆಯೇ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತು. ಬಸುರಿಗೆ ಕೈ ಬಾತಿರುತ್ತದಲ್ಲ. ಎಡಗೈ ಬಳೆ ಹಿಡಿದಿತ್ತು, ಹೆಬ್ಬೆರಳು ಮಡಚಿ ಒತ್ತಬೇಕಾದ ಬಲಗೈ ಮಿಸುಕಲಿಲ್ಲ. ಸೋಬಾನೆ ಹಾಡುತ್ತಿದ್ದವರೂ ನಿಲ್ಲಿಸಿದರು. ಅಷ್ಟರಲ್ಲಿ ಅತ್ತೆ ಎದ್ದರು. ಆಯಿತು ಕಥೆ ಎಂದುಕೊಂಡೆ. ಅವರು ಸೆರಗು ಸಿಕ್ಕಿಸಿ ಚಿಗವ್ವನ ಪಕ್ಕವೇ ಕುಳಿತು, ನನ್ನ ಹೆಬ್ಬೆರಳನ್ನು ಮಡಚಿ ಹಿಡಿದರು. "ನಾ ಒತ್ತಿ ಹಿಡೀತೀನಿ. ನೀ ಏರಸು."

ಬಳೆ ಏರಿತು! ಎಲ್ಲ ಬಳೆಗಳೂ ಏರಿದವು. ನಾನು ಖುಷಿಗೆ ಕಿರುಚಿದ ಹೊಡೆತಕ್ಕೆ ಅವ್ವ ಹೆರಿಗೆಯೇ ಶುರುವಾಯಿತೆಂದು ಹೆದರಿದಳು.

ಊಟದ ನಂತರ ಚಿಗವ್ವ ನಾನು ಏನು ಓದುತ್ತಿದ್ದೇನೆಂದು ಕೇಳಿದಳು. ಕೇಳುವವರು ಸಿಕ್ಕರೆ ನಾನು ಬಿಡುತ್ತೇನೆಯೇ? ಮಿದುಳಿನಲ್ಲಿ ನರಕೋಶಗಳ ಜೊತೆ ನಕ್ಷತ್ರದ ಆಕಾರದ ಕೋಶಗಳೂ ಇವೆ, ಆಸ್ಟ್ರೋಸೈಟ್ ಎನ್ನುತ್ತಾರೆ ಎಂದೆ. ನರಕೋಶಕ್ಕೆ ಉಣಿಸುವುದು, ಸುತ್ತಲಿನ ಕಸ ಬಳಿಯುವುದು, ನೀರು, ಉಪ್ಪು ಹದದಲ್ಲಿಡುವುದು ಅವುಗಳ ಕೆಲಸ. ಲಕ್ವಾ ಹೊಡೆದಾಗ ಅವು ಕಂಗೆಟ್ಟು ಬಾತುಕೊಳ್ಳುತ್ತವೆ, ಕೆಲವಂತೂ ಇನ್ನೂ ಬದುಕಿರುವ ನರಕೋಶಗಳಿಗೇ ವಿಷ ಕಕ್ಕುತ್ತವೆ. ಈ ಕೇಡು ಒಂದೇ ಗಳಿಗೆಯಲ್ಲಿ ಮುಗಿಯದೆ ದಿನಗಟ್ಟಲೆ ನಡೆಯುತ್ತದೆ. ಔಷಧದಿಂದ ಅವನ್ನು ತಣ್ಣಗಾಗಿಸಿದರೆ, ತಡವಾಗಿ ಬಂದವರ ಮಿದುಳನ್ನೂ ಒಂದಿಷ್ಟು ಉಳಿಸಬಹುದೇ ಎಂಬುದೇ ನಮ್ಮ ಹುಡುಕಾಟ ಎಂದೆ.

ಚಿಗವ್ವ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಹಂಗಾರ ಅವಕ್ಕ ಸಮಾಧಾನ ಮಾಡೂ ಔಷಧ ಲಗೂನ ಮಾಡು ತಂಗಿ. ನಮ್ಮಂಥೋರು ಯಾವಾಗ್ಲೂ ತಡಾನ ಮಾಡಿ ಬರ್ತೀವಿ" ಎಂದಳು.

ಹೋದ ವರ್ಷ ಆಕೆಗೆ ಮತ್ತೆ ಲಕ್ವಾ ಹೊಡೆಯಿತು. ಆ ಸಲ ಕಾಕಾ ನೇರ ಸಿಂಧನೂರಿಗೇ ಓಡಿದ್ದರು. ಆದರೆ ಪೆಟ್ಟು ದೊಡ್ಡದಿತ್ತು, ಚಿಗವ್ವ ಉಳಿಯಲಿಲ್ಲ.

ಲಕ್ವಾ ಬರಿಸಿದ ಇಲಿಗಳ ಮಿದುಳಿನ ತೆಳು ಸೀಳುಗಳಿದ್ದ ಆ ಸ್ಲೈಡುಗಳನ್ನು ಇವತ್ತು ನೋಡಿ ಮುಗಿಸಿದೆವು. ಯಾವ ಇಲಿಗೆ ಔಷಧ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದನ್ನು ಕೊನೆಯತನಕ ನಮಗೆ ಹೇಳಿರುವುದಿಲ್ಲ. ಮಧ್ಯಾಹ್ನ ಹೇಳಿದರು. ಬೇಕೆಂದೇ ತಡಮಾಡಿ ಔಷಧ ಕೊಟ್ಟ ಇಲಿಗಳಲ್ಲಿ ನಕ್ಷತ್ರಗಳು ಶಾಂತವಾಗಿದ್ದವು, ಮಿದುಳು ಕಡಿಮೆ ಹಾಳಾಗಿತ್ತು. ಕುಂಟುಬಿದ್ದ ಮುಂಗಾಲಿನಲ್ಲಿ ಕಾಳು ಹಿಡಿದು ತಿಂದು ನಮ್ಮನ್ನು ಬೆರಗಾಗಿಸಿದ್ದ ಇಲಿಯೂ ಅವುಗಳಲ್ಲೊಂದು! ನಾನು ಕುರ್ಚಿ ಬಿಟ್ಟು ಕುಣಿದೆ. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಲೇಬೇಕೆಂದಿಲ್ಲ, ಇನ್ನೂ ಬೇಕಾದಷ್ಟು ಪರೀಕ್ಷೆಗಳಿವೆ. ಅದೆಲ್ಲ ಗೊತ್ತು. ಗೊತ್ತಿದ್ದೂ ಕುಣಿದೆ, ಕುಣಿದವಳೇ ಮಸ್ಕಿಗೆ ಫೋನ್ ಹಚ್ಚಿದೆ.

ಕಾಕಾ ಎಲ್ಲ ಕೇಳಿಸಿಕೊಂಡರು. "ಯಾವ ಕೈಲೆ ಹಿಡೀತವ್ವ ಅದು?" ಎಂದರು.

"ಬಲಗೈಲೆ, ಕಾಕಾ."

ಆ ಕಡೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಕಾಕಾ, "ಇದನ್ನ ಅಕಿಗೆ ಹೇಳಬೇಕಾಗಿತ್ತಲ್ಲ ತಂಗಿ" ಎಂದರು.

ಹೌದು, ಆಕೆಗೇ ಹೇಳಬೇಕಾಗಿತ್ತು. ಔಷಧ ತಡವಾಯಿತು ಚಿಗವ್ವ.