ಮಾರುವ ಮನೆಯನ್ನು ಮೊದಲು ಮುಟ್ಟುವ ಕೈ

ಇನ್ನೂ ಬೆಳಕು ಹರಿದಿಲ್ಲ. ಪಿಟ್ಸ್‌ಬರ್ಗ್‌ನ ದಕ್ಷಿಣದ ಗುಡ್ಡದ ಮೇಲಿರುವ ಯುರ್ಕೊ ದಂಪತಿಯ ಮನೆಯ ನೆಲಮಾಳಿಗೆಯಲ್ಲಿ ಬರ್ನಡೆಟ್ ಹುದಾಕ್ ಮಂಡಿಯೂರಿ ಕುಳಿತು ಉಳಿ ಸುತ್ತಿಗೆ ಹಿಡಿದು ಸಿಮೆಂಟು ಒಡೆಯುತ್ತಿದ್ದಾರೆ. ಸಿಮೆಂಟು ಹೊಸದು, ಹಾಕಿ ವಾರವೂ ಆಗಿಲ್ಲ. ಅದರ ಕೆಳಗೆ ಚರಂಡಿ ಪೈಪಿನ ಬಾಯಿ ಮುಚ್ಚಿಹೋಗಿದೆ. ಮೇಲೆ ಅಡುಗೆಮನೆಯ ಸಿಂಕಿನಲ್ಲಿ ಕೊಳಕು ನೀರು ಉಕ್ಕಿ ನಿಂತಿದೆ. ಅದು ಇನ್ನೊಂದು ಬೆರಳು ಏರಿದರೆ ಮೊನ್ನೆಯಷ್ಟೇ ಪಾಲಿಶ್ ಮಾಡಿದ ಮರದ ನೆಲದ ಪಾಲು. ಇವತ್ತು ಶುಕ್ರವಾರ. ಭಾನುವಾರ ಮನೆ ನೋಡಲು ಜನ ಬರುತ್ತಾರೆ.

"ಬರ್ನಿ, ಬೈಬೇಕು ಅಂತಿದ್ರೆ ಬೈದುಬಿಡು," ಎಂದು ಮೆಟ್ಟಿಲ ಮೇಲಿಂದ ಎಮಿಲ್ ಯುರ್ಕೊ ಕೂಗುತ್ತಾರೆ. ಅವರಿಗೆ ಕೆಳಗೆ ಇಳಿದು ಬರುವ ಶಕ್ತಿ ಇಲ್ಲ.

"ಬಯ್ಯೋಕೆ ಉಸಿರು ಬೇಕು ಎಮಿಲ್. ಇರೋ ಉಸಿರೆಲ್ಲ ಈ ಸುತ್ತಿಗೇಗೆ ಆಗ್ತಿದೆ. ಆಮೇಲೆ ಸಾವಕಾಶವಾಗಿ ಕೂತು ಬೈತೀನಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡಿರಲಿಲ್ಲವೆಂದು ಕಾಣುತ್ತದೆ. ಈ ಗುಡ್ಡಗಳಲ್ಲಿ ಮನೆ ಮಾರಬೇಕೆಂದುಕೊಂಡವರು ಅಂಗಳದಲ್ಲಿ 'ಮಾರಾಟಕ್ಕಿದೆ' ಹಲಗೆ ನೆಡುವ ಮೊದಲು ಬರ್ನಿಗೆ ಫೋನು ಮಾಡುತ್ತಾರೆ. ಅರವತ್ತು ದಾಟಿದ ಬರ್ನಿಯ ಕೆಲಸಕ್ಕೆ ಒಂದು ಹೆಸರಿಲ್ಲ. ಅವರು ಗುತ್ತಿಗೆದಾರರೂ ಅಲ್ಲ, ದಲ್ಲಾಳಿಯೂ ಅಲ್ಲ. ಯಾವುದನ್ನು ರಿಪೇರಿ ಮಾಡಿಸಿದರೆ ಹಾಕಿದ ದುಡ್ಡು ಹಿಂದಿರುಗುತ್ತದೆ, ಯಾವುದಕ್ಕೆ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ ಎಂದು ಹೇಳುತ್ತಾರೆ. ಹೇಳಿದ್ದರಲ್ಲಿ ತಮ್ಮ ಕೈಲಾದದ್ದನ್ನು ತಾವೇ ಮಾಡುತ್ತಾರೆ. ಮನೆ ಮಾರಾಟವಾದಾಗ ಎಲ್ಲಿಯೂ ಅವರ ಹೆಸರು ಬರುವುದಿಲ್ಲ.

"ಜಾಹೀರಾತಿನಲ್ಲಿ 'ಪ್ರೀತಿಯಿಂದ ನೋಡಿಕೊಂಡ ಮನೆ' ಅಂತ ಹಾಕ್ತಾರೆ," ಎಂದು ಬರ್ನಿ ನಗುತ್ತಾರೆ. "ಆ ಪ್ರೀತಿ ಎಷ್ಟೋ ಸಲ ನಾನು ಎರಡು ವಾರದಲ್ಲಿ ಬಳಿದಿದ್ದು."

ಮೊದಲ ದಿನ ಅವರು ಉಪಕರಣ ತರುವುದಿಲ್ಲ. ಗಾಡಿಯನ್ನು ಬೀದಿಯ ಆಚೆ ನಿಲ್ಲಿಸಿ, ಕೊಳ್ಳಲು ಬಂದವರಂತೆ ನಡೆದು ಬರುತ್ತಾರೆ. ಮೆಟ್ಟಿಲಿನ ಕಂಬಿ ಹಿಡಿದು ಅಲ್ಲಾಡಿಸುತ್ತಾರೆ. ಬಾಗಿಲ ಹಿಡಿ, ದೀಪದ ಸ್ವಿಚ್ಚು, ನಲ್ಲಿ, ಕಪಾಟಿನ ಹಿಡಿಕೆ, ಹೀಗೆ ಕೈ ತಾಗುವ ಒಂದೊಂದನ್ನೂ ಮುಟ್ಟಿ ನೋಡುತ್ತಾರೆ. ನೆಲಮಾಳಿಗೆಗೆ ಇಳಿದು ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರೆಳೆಯುತ್ತಾರೆ. ಕೊನೆಗೆ ಮನೆಯೊಡತಿ ಕೊಟ್ಟ ಕಾಫಿ ಕುಡಿಯುತ್ತಾ ತೀರ್ಪು ಹೇಳುತ್ತಾರೆ.

"ಕೊಳ್ಳೋರು ಕಣ್ಣಲ್ಲಿ ನೋಡ್ತಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಇಲ್ಲ ಕಣ್ರೀ, ಕೈಯಲ್ಲಿ ನೋಡ್ತಾರೆ. ಹಿಡಿದ ಕಂಬಿ ಅಲ್ಲಾಡಿದ್ರೆ ಇಡೀ ಮನೆ ಅಲ್ಲಾಡ್ತಿದೆ ಅನ್ಸುತ್ತೆ. ಆಮೇಲೆ ನೀವು ಒಳಗೆ ಅಮೃತಶಿಲೆ ಹಾಕ್ಸಿದ್ರೂ ಅವರ ತಲೇಲಿ ಆ ಕಂಬೀನೇ ಅಲ್ಲಾಡ್ತಿರುತ್ತೆ."

ಅವರ ಲೆಕ್ಕ ನೇರವಾದದ್ದು. ಮುಂಬಾಗಿಲು ಮತ್ತು ಗ್ಯಾರೇಜಿನ ಬಾಗಿಲಿಗೆ ಹಾಕಿದ ದುಡ್ಡು ಬಹುಮಟ್ಟಿಗೆ ಕೈಗೆ ಬರುತ್ತದೆ. ಹಳೆಯ ಕಾರ್ಪೆಟ್ಟಿನ ಕೆಳಗೆ ಮರದ ನೆಲವಿದ್ದರೆ ಕಾರ್ಪೆಟ್ಟು ಕಿತ್ತು ನೆಲ ಉಜ್ಜಿಸಿದರೆ ಲಾಭವೇ. ಅಡುಗೆಮನೆಯ ಕಪಾಟುಗಳನ್ನು ಬದಲಿಸುವುದು ಬೇಡ, ಬಣ್ಣ ಬಳಿದು ಹಿಡಿಗಳನ್ನು ಬದಲಿಸಿದರೆ ಸಾಕು. ಸ್ನಾನದ ಮನೆಯನ್ನು ಅರಮನೆ ಮಾಡಿಸಿದರೆ ಅರ್ಧ ಮರಳಿದರೆ ಪುಣ್ಯ. ಈಜುಕೊಳ ತೋಡಿಸುತ್ತೇನೆ ಎಂದವರ ಮನೆಯಿಂದ ಬರ್ನಿ ಕಾಫಿ ಮುಗಿಸದೆ ಎದ್ದು ಬಂದದ್ದೂ ಉಂಟು.

ಈ ಜ್ಞಾನ ಪುಕ್ಕಟೆ ಬಂದದ್ದಲ್ಲ. ಬರ್ನಿಯ ತಂದೆ ಗೋಡೆಗೆ ಬಣ್ಣದ ಕಾಗದ ಅಂಟಿಸುವ ಕೆಲಸದವರು. ಅವರು ಬಿಟ್ಟುಹೋದ ಮನೆಯನ್ನು ಮಾರುವ ಮುನ್ನ ಬರ್ನಿ ಮತ್ತು ಅವರ ತಮ್ಮ ಸೇರಿ ನೀಲಿ ಹಂಚಿನ ಸ್ನಾನದ ಮನೆ ಮಾಡಿಸಿದರು. ಬಂದವರೆಲ್ಲ ಅದನ್ನು ಹೊಗಳಿದರು, ಆಮೇಲೆ ಛಾವಣಿಯ ಸೋರಿಕೆ ನೋಡಿ ಹೊರಟುಹೋದರು. ಆಗ ಬರ್ನಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಣ್ಣ ಕಲಸಿ ಕೊಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಹಳೆಯ ಗಿರಾಕಿಗಳೇ ಒಬ್ಬೊಬ್ಬರಾಗಿ ಮನೆಗೆ ಕರೆಯತೊಡಗಿದರು. ಈಗ ವರ್ಷಕ್ಕೆ ಹದಿನೈದು ಮನೆ ಸಿಕ್ಕರೆ ಹೆಚ್ಚು. ಚಳಿಗಾಲದಲ್ಲಿ ಕೆಲಸವಿಲ್ಲ. ಭುಜ ನೋಯುವುದರಿಂದ ಮೇಲ್ಛಾವಣಿಗೆ ಬಣ್ಣ ಬಳಿಯುವುದನ್ನು ಬಿಟ್ಟಿದ್ದಾರೆ.

ಯುರ್ಕೊ ಮನೆಯ ಕತೆಗೆ ಬರೋಣ. ಎಮಿಲ್ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು. ಅವರ ಶ್ವಾಸಕೋಶ ಕೆಟ್ಟಿದೆ. ಮಲಗುವ ಕೋಣೆ, ಸ್ನಾನದ ಮನೆ ಎರಡೂ ಮಹಡಿಯ ಮೇಲೆ. ಕ್ರಿಸ್‌ಮಸ್‌ನಿಂದ ಅವರು ಕೆಳಗಿನ ಸೋಫಾದ ಮೇಲೆ ಮಲಗುತ್ತಾರೆ. ಶೌಚಕ್ಕೆ ಹೋಗಬೇಕಾದಾಗಲೆಲ್ಲ ನಡುವೆ ಕುಳಿತು ಸುಧಾರಿಸಿಕೊಂಡು ಮೆಟ್ಟಿಲು ಹತ್ತಬೇಕು. ಹೆಂಡತಿ ಲೊರೇನ್ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಎಮಿಲ್ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿರುತ್ತಾರೆ ಎಂಬ ಯೋಚನೆಯಲ್ಲೇ ಅವರ ಅರ್ಧ ದಿನ ಹೋಗುತ್ತದೆ. ಇವರಿಗೆ ಹೊಂದುವಂಥ, ಒಂದೇ ಅಂತಸ್ತಿನ ಮನೆಯೊಂದು ನದಿಯ ಆಚೆ ಸಿಕ್ಕಿದೆ. ಅದರ ಯಜಮಾನ ಈಸ್ಟರ್‌ವರೆಗೆ ಕಾಯುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಈ ಮನೆಗೆ ಗಿರಾಕಿ ಸಿಗದಿದ್ದರೆ ಅದು ಬೇರೆಯವರ ಪಾಲು.

ಕೈಯಲ್ಲಿದ್ದ ಉಳಿತಾಯ ಒಂದೇ ಒಂದು ದೊಡ್ಡ ಕೆಲಸಕ್ಕೆ ಆಗುವಷ್ಟು. ಎಮಿಲ್‌ಗೆ ಹೊಸ ಸ್ನಾನದ ಮನೆ ಮಾಡಿಸುವ ಆಸೆ. ಬರ್ನಿ ಬೇಡವೆಂದರು. ಕಂಬಿ ಬಿಗಿ ಮಾಡಿದರು, ಮುಂಬಾಗಿಲಿಗೆ ಬಣ್ಣ ಬಳಿದರು, ಕಾರ್ಪೆಟ್ಟು ಕಿತ್ತು ನೆಲ ಉಜ್ಜಿಸಿದರು. ಉಳಿದ ದುಡ್ಡು ಬ್ಯಾಂಕಿನಲ್ಲೇ ಇರಲಿ, ಕೊಳ್ಳುವವರು ಕರೆತರುವ ತಪಾಸಣೆಯವನು ಏನಾದರೂ ಹುಳುಕು ಎತ್ತಿದರೆ ಬೇಕಾಗುತ್ತದೆ ಎಂದರು.

ಆದರೆ ಎಮಿಲ್ ಮನಸ್ಸಿನಲ್ಲಿ ಒಂದು ನಾಚಿಕೆ ಕೊರೆಯುತ್ತಿತ್ತು. ಈ ಕಡೆಯ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಒಂದು ಕಮೋಡು ಇರುತ್ತದೆ. ಸುತ್ತ ಗೋಡೆಯಿಲ್ಲ, ಬಾಗಿಲಿಲ್ಲ, ಪರದೆಯೂ ಇಲ್ಲ. ಬಯಲ ನಡುವೆ ಬಸವನನ್ನು ಕೂರಿಸಿದಂತೆ ಒಂಟಿಯಾಗಿ ಕುಳಿತಿರುತ್ತದೆ. ಉಕ್ಕಿನ ಕಾರ್ಖಾನೆಯಿಂದ ಬಂದ ಗಂಡಸರು ಹಿಂದಿನ ಬಾಗಿಲಿಂದ ನೇರ ಅಲ್ಲಿಗೆ ಇಳಿದು, ಮೈ ತೊಳೆದುಕೊಂಡೇ ಮೇಲೆ ಬರುತ್ತಿದ್ದರು ಎನ್ನುತ್ತಾರೆ. ಬರ್ನಿ ಅದನ್ನು ಮುಟ್ಟಬೇಡಿ ಎಂದಿದ್ದರು. ಯಾಕೆಂದು ಹೇಳಿರಲಿಲ್ಲ. ಎಮಿಲ್ ತಮ್ಮ ಭಾವಮೈದುನ ಚೆಟ್‌ನನ್ನು ಕರೆಸಿ ಕಮೋಡು ಕೀಳಿಸಿದರು. ಚೆಟ್ ಬಲು ಉತ್ಸಾಹಿ. ಪಕ್ಕದಲ್ಲಿದ್ದ ನೆಲದ ಚರಂಡಿಯನ್ನೂ ಸೇರಿಸಿ ಸಿಮೆಂಟು ಮೆತ್ತಿ, ಮೇಲೆ ಬೂದು ಬಣ್ಣ ಬಳಿದು, ಎರಡು ಬಿಯರ್ ಕುಡಿದು ಹೋದ.

ಅಂಗಳದ ಕೆಳಗಿನ ಹಳೆಯ ಮಣ್ಣಿನ ಪೈಪಿನೊಳಗೆ ಮರದ ಬೇರು ಹೊಕ್ಕು ಎಷ್ಟು ಕಾಲವಾಗಿತ್ತೋ. ನೀರು ಕಟ್ಟಿಕೊಂಡಾಗಲೆಲ್ಲ ನೆಲಮಾಳಿಗೆಯಲ್ಲಿ ಸ್ವಲ್ಪ ಉಕ್ಕಿ ತಾನೇ ಇಳಿದುಹೋಗುತ್ತಿತ್ತು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಕೆಳಗಿನ ಬಾಯಿಗಳೆರಡೂ ಮುಚ್ಚಿದ್ದರಿಂದ ಲೊರೇನ್ ಮಹಡಿಯಲ್ಲಿ ಸ್ನಾನ ಮಾಡಿದ ನೀರು ಅಡುಗೆಮನೆಯ ಸಿಂಕಿಗೆ ಬಂತು.

"ನಾಚಿಕೆ ಆಗ್ತಿತ್ತು ಬರ್ನಿ," ಎನ್ನುತ್ತಾರೆ ಎಮಿಲ್. "ಜನ ನೋಡಿ ನಗ್ತಾರೆ ಅಂತ."

"ನಗ್ಲಿ ಬಿಡು ಪುಣ್ಯಾತ್ಮ. ನಕ್ಕೋರು ಮನೆ ತಗೋತಾರೆ. ಮೂಗು ಮುಚ್ಕೊಂಡೋರು ತಗೊಳಲ್ಲ. ತಪ್ಪು ನಂದೂ ಇದೆ, ಮುಟ್ಟಬೇಡ ಅಂದೆ, ಯಾಕೆ ಅಂತ ಹೇಳ್ಲಿಲ್ಲ."

ಸಿಮೆಂಟು ಒಡೆದ ಕೂಡಲೇ ಸಿಂಕು ಗಳಗಳ ಸದ್ದು ಮಾಡುತ್ತಾ ಬರಿದಾಗುತ್ತದೆ. ನೀರೆಲ್ಲ ಬರ್ನಿಯ ಮಂಡಿಯ ಸುತ್ತ. ಅವರು ಎದ್ದು ಕಾಲು ಝಾಡಿಸಿ, ಮೇಲೆ ಬಂದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೊಸ ತೀರ್ಪು ಕೊಡುತ್ತಾರೆ. ಬೇರು ತೆಗೆಸಿದರೆ ಸಾಲದು, ಅಂಗಳ ಅಗೆದು ಪೈಪೇ ಬದಲಾಯಿಸಬೇಕು. ಉಳಿತಾಯದ ಬಹುಪಾಲು ಇದಕ್ಕೇ ಹೋಗುತ್ತದೆ.

"ಮಣ್ಣೊಳಗೆ ದುಡ್ಡು ಹೂಳೋದಾ?" ಎಮಿಲ್ ಮುಖ ಸಪ್ಪಗಾಗುತ್ತದೆ. "ಯಾರ ಕಣ್ಣಿಗೂ ಕಾಣಲ್ವಲ್ಲೇ."

"ತಪಾಸಣೆಯೋನ ಕಣ್ಣಿಗೆ ಕಾಣುತ್ತೆ. ಅವನು ಪೈಪೊಳಗೆ ಕ್ಯಾಮೆರಾನೇ ಇಳಿಸ್ತಾನೆ. ಮೇಲೆ ಥಳಕು, ಒಳಗೆ ಹುಳುಕು ಮಾಡಿ ಮಾರಿದ್ರೆ ಈಸ್ಟರ್ ಹತ್ರ ಬಂದಾಗ ಗಿರಾಕಿ ಕೈಕೊಡ್ತಾನೆ. ಆಗ ಆಚೆ ಮನೇನೂ ಇಲ್ಲ, ಈಚೆ ದುಡ್ಡೂ ಇಲ್ಲ. ನೀನು ಅದೇ ಮೆಟ್ಟಿಲ ಮೇಲೆ ಕೂತಿರ್ತೀಯ."

ಇವತ್ತು ಕೆಲಸಕ್ಕೆ ರಜೆ ಹಾಕಿರುವ ಲೊರೇನ್ ಚೆಕ್ ಪುಸ್ತಕ ತಂದು ಮೇಜಿನ ಮೇಲಿಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬರ್ನಿಗೆ ಪರಿಚಯವಿದ್ದ ಕೊಳಾಯಿ ಕೆಲಸದವರು ಅಂಗಳ ಅಗೆಯತೊಡಗುತ್ತಾರೆ. ಮೊದಲ ಗುದ್ದಲಿಗೇ ಒಂದು ಪುಟ್ಟ ಸಂತ ಜೋಸೆಫ್ ವಿಗ್ರಹ ತಲೆಕೆಳಗಾಗಿ ಮೇಲೆ ಬರುತ್ತದೆ. ಮನೆ ಬೇಗ ಮಾರಾಟವಾಗಲಿ ಎಂದು, ಇಲ್ಲಿನವರ ನಂಬಿಕೆಯಂತೆ, ಲೊರೇನ್ ತಲೆಕೆಳಗಾಗಿಯೇ ಹೂತಿದ್ದು. ಇನ್ನಷ್ಟು ಆಳಕ್ಕೆ ಹೋದರೆ ಇನ್ನೊಬ್ಬ ಜೋಸೆಫ್, ಬಣ್ಣವೆಲ್ಲ ಹೋಗಿ ಬಿಳುಚಿಕೊಂಡವನು. ಈ ಮನೆಯನ್ನು ಯುರ್ಕೊ ದಂಪತಿಗೆ ಮಾರಿದವರು ಹೂತು, ಹೋಗುವಾಗ ವಾಡಿಕೆಯಂತೆ ಅಗೆದು ಹೊಸ ಮನೆಗೆ ಒಯ್ಯಲು ಮರೆತದ್ದು.

"ಜೊತೇಗೆ ಕರ್ಕೊಂಡು ಹೋಗಿಲ್ಲ ನೋಡು," ಎನ್ನುತ್ತಾರೆ ಎಮಿಲ್ ಕಿಟಕಿಯಿಂದ. "ಆ ಸಿಟ್ಟಿಗೇ ಪೈಪ್ ಕಟ್ಕೊಳ್ಳೋ ಹಾಗೆ ಮಾಡಿದಾನೆ."

"ಬಾಯಿ ಮುಚ್ರೀ, ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರ ಇದು," ಎಂದು ಲೊರೇನ್ ಗದರುತ್ತಾರೆ. ಇಬ್ಬರು ಸಂತರನ್ನೂ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಾರೆ. ಆಮೇಲೆ, ಮಾಂಸ ತಿನ್ನದ ಈ ಶುಕ್ರವಾರಗಳಿಗೆಂದೇ ಚರ್ಚಿನ ನೆಲಮಾಳಿಗೆಯಲ್ಲಿ ಮಾರುವ ಹುರಿದ ಮೀನಿನ ಸ್ಯಾಂಡ್‌ವಿಚ್ ತಂದು ಎಲ್ಲರಿಗೂ ಹಂಚುತ್ತಾರೆ. ಬರ್ನಿ ತಮ್ಮದನ್ನು ನೆಲಮಾಳಿಗೆಯಲ್ಲಿ ನಿಂತೇ ತಿನ್ನುತ್ತಾರೆ. ಶನಿವಾರ ಹೊಸ ಪೈಪು ಕೂರುತ್ತದೆ. ಕಿತ್ತುಹಾಕಿದ್ದ ಕಮೋಡು ಅದರ ಹಳೆಯ ಜಾಗದಲ್ಲಿ, ಮತ್ತೆ ಬಯಲಲ್ಲೇ ಪ್ರತಿಷ್ಠಾಪನೆಯಾಗುತ್ತದೆ. ಬರ್ನಿ ಅದಕ್ಕೆ ಹೊಸ ಮುಚ್ಚಳ ಹಾಕಿ, ಸುತ್ತಲ ನೆಲ ಉಜ್ಜಿ ತೊಳೆಯುತ್ತಾರೆ.

ಭಾನುವಾರ ಬರ್ನಿ ಅಲ್ಲಿರುವುದಿಲ್ಲ. ಜನ ನೋಡಲು ಬರುವ ದಿನ ಅವರು ಯಾವ ಮನೆಗೂ ಹೋಗುವುದಿಲ್ಲ. ತಮ್ಮ ಕೆಲಸದ ಮುಂದೆ ಅಪರಿಚಿತರು ಮೂಗು ಮುರಿಯುವುದನ್ನು ನೋಡಲು ಆಗುವುದಿಲ್ಲವಂತೆ. ಹೋಗುವ ಮುನ್ನ ಲೊರೇನ್‌ಗೆ ಒಂದೇ ಮಾತು ಹೇಳಿದ್ದರು. "ಅಂಗಳ ಯಾಕೆ ಅಗೆದಿದೆ ಅಂತ ಕೇಳಿದ್ರೆ ನಡೆದಿದ್ದನ್ನ ನಡೆದ ಹಾಗೆ ಹೇಳು. ಸಿಂಗಾರ ಮಾಡ್ಬೇಡ."

ಬಂದವರಲ್ಲಿ ಒಬ್ಬ ಯುವತಿ ನೆಲಮಾಳಿಗೆಗೆ ಇಳಿದು, ಆ ಒಂಟಿ ಕಮೋಡು ಕಂಡು ಗಟ್ಟಿಯಾಗಿ ನಕ್ಕಳು. ತನ್ನ ತಾತನ ಮನೆಯಲ್ಲೂ ಹೀಗೇ ಇತ್ತೆಂದು ಗಂಡನನ್ನು ಕೂಗಿ ಕರೆದಳು. ಆದರೆ ಮನೆ ಮಾರಾಟವಾದದ್ದು ಆ ನಗುವಿಗಲ್ಲ. ಅವಳ ಜೊತೆ ಬಂದಿದ್ದ ತಂದೆ ಅಂಗಳದ ಹಸಿ ಮಣ್ಣನ್ನೇ ನೋಡುತ್ತ ನಿಂತಿದ್ದರು. ಎಮಿಲ್ ಕುರ್ಚಿಯಲ್ಲಿ ಕುಳಿತೇ ಎಲ್ಲವನ್ನೂ ಹೇಳಿದರು, ಚೆಟ್‌ನ ಸಿಮೆಂಟನ್ನೂ ಬಿಡಲಿಲ್ಲ. ಆ ಮನುಷ್ಯ ಮಗಳ ಕಡೆ ತಿರುಗಿ, "ಹೊಸ ಪೈಪ್ ಬಿದ್ದಿರೋ ಮನೆ, ಬಿಡಬೇಡ," ಎಂದರಂತೆ. ತಪಾಸಣೆಯವನ ಕ್ಯಾಮೆರಾಕ್ಕೂ ಏನೂ ಸಿಗಲಿಲ್ಲ. ಈಸ್ಟರ್‌ಗೆ ಇನ್ನೂ ದಿನಗಳಿರುವಾಗ ಎರಡೂ ಮನೆಗಳ ಮಾತು ಮುಗಿಯಿತು. ಎಮಿಲ್ ಈಗ ಶೌಚಕ್ಕೆ ಹೋಗಲು ಒಂದು ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.

ಸಾಮಾನ್ಯವಾಗಿ ಬರ್ನಿಯ ಪಾಲಿಗೆ ಕತೆ ಇಲ್ಲಿಗೆ ಮುಗಿಯುತ್ತದೆ. ಮನೆ ಮಾರಿದವರು ಊರು ಬಿಡುತ್ತಾರೆ, ಇವರ ನಂಬರು ಮರೆಯುತ್ತಾರೆ. ಅದಕ್ಕೆ ಅವರಿಗೆ ಬೇಸರವೇನಿಲ್ಲ. ಆದರೆ ಮೇ ತಿಂಗಳಲ್ಲಿ ಲೊರೇನ್ ಫೋನು ಮಾಡಿದರು. ಹೊಸ ಮನೆಯ ಮುಂದಿನ ಕೋಣೆಗೆ ಬಣ್ಣ ಬಳಿಯಬೇಕು, ಬರುತ್ತೀಯಾ ಎಂದು ಕೇಳಿದರು.

"ತೆಳು ಬೂದು ಹಾಕೋಣ," ಎಂದರು ಬರ್ನಿ, ಅಭ್ಯಾಸಬಲದಿಂದ. "ಯಾರು ಬಂದ್ರೂ ಬೇಡ ಅನ್ನಲ್ಲ."

"ಯಾರು ಬರ್ತಾರೆ ಬರ್ನಿ? ನಾವಿಬ್ರೇ ಇರೋದು. ಎಮಿಲ್‌ಗೆ ಹಳದಿ ಬೇಕಂತೆ, ಮೊಟ್ಟೆ ಒಳಗಿನ ಹಳದಿ."

"ಅಯ್ಯೋ, ಆ ಬಣ್ಣ ಹಾಕಿದ್ರೆ ಮನೆ ಬೆಲೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಬಿಟ್ಟುಹೋಗುವವರಿಗಾಗಿ ಬಳಿದ ಕೋಣೆಗಳಿಗೆ ಲೆಕ್ಕವಿಲ್ಲ. ಉಳಿಯುವವರಿಗಾಗಿ ಬಳಿದದ್ದು ಒಂದೂ ನೆನಪಾಗಲಿಲ್ಲ. ಫೋನು ಇಟ್ಟ ಮೇಲೆ ಒಂದು ಗಳಿಗೆ ಅಳು ಬಂತೆಂದು ಅವರೇ ಹೇಳುತ್ತಾರೆ. ಆಮೇಲೆ ಹೋಗಿ ಕುಂಚ ತೊಳೆದರು.

ಈ ದಿನ ಬೆಳಿಗ್ಗೆ ಆ ಕೋಣೆಯಲ್ಲಿ ಬರ್ನಿ ಎರಡನೆಯ ಕೋಟ್ ಮುಗಿಸಿ, ಮತ್ತೆ ಡಬ್ಬದ ಮುಚ್ಚಳ ತೆಗೆಯುತ್ತಿದ್ದಾರೆ. ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತ ಎಮಿಲ್ ಬೆಳಗಿನಿಂದ ಉಸ್ತುವಾರಿ ಮಾಡುತ್ತಿದ್ದಾರೆ.

"ಮೂರನೇ ಕೋಟ್ ಯಾಕೆ? ಎರಡೇ ಸಾಕು ಅಂತಿದ್ದೆಯಲ್ಲ."

"ಅದು ಮಾರೋ ಮನೆಗೆ," ಎನ್ನುತ್ತಾರೆ ಬರ್ನಿ, ಕುಂಚ ಅದ್ದುತ್ತಾ. "ಇದನ್ನ ನೀನು ದಿನಾ ನೋಡ್ಬೇಕಲ್ಲ."