ಕೆಟ್ಟ ಟೀಚರುಗಳ ಪೆಟ್ಟಿಗೆ

ನನ್ನ ಗಂಡ ಕುವೈತಿನ ಶುಐಬಾದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ಇಂಗ್ಲೆಂಡಿನವರೊಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಾಗ ಮನೆ ಖಾಲಿ ಮಾಡುತ್ತ ಒಂದು ರಟ್ಟಿನ ಪೆಟ್ಟಿಗೆಯನ್ನು ಇವರ ಕಾರಿನಲ್ಲಿಟ್ಟು, ನಿನ್ನ ಹೆಂಡತಿಯ ಶಾಲೆಯ ಲೈಬ್ರರಿಗೆ ಕೊಡು ಎಂದರಂತೆ. ಆ ಲೈಬ್ರರಿಯನ್ನು ನೋಡಿಕೊಳ್ಳುವವಳು ನಾನೇ.

ಪೆಟ್ಟಿಗೆಯಲ್ಲಿದ್ದವು ಆ ಇಂಗ್ಲೆಂಡಿನವರ ಹೆಂಡತಿ ಚಿಕ್ಕವಳಿದ್ದಾಗ ವಾರವಾರವೂ ಓದುತ್ತಿದ್ದ ಹುಡುಗಿಯರ ಕಾಮಿಕ್ಸ್. ಕಾಗದ ಹಳದಿಯಾಗಿ, ಅಂಚು ಮುಟ್ಟಿದರೆ ಉದುರುತ್ತಿತ್ತು. ಹೆಚ್ಚಿನವು ಬೋರ್ಡಿಂಗ್ ಶಾಲೆಯ ಕತೆಗಳು. ಪ್ರತಿ ಶಾಲೆಗೂ ಒಬ್ಬಳು ದುಷ್ಟ ಹೆಡ್‌ಮಿಸ್ಟ್ರೆಸ್. ಕಪ್ಪು ಗೌನು, ಗಿಳಿಮೂಗು, ಸೊಂಟದಲ್ಲಿ ಬೀಗದಕೈ ಗೊಂಚಲು. ಒಬ್ಬಳು ಅನಾಥ ಹುಡುಗಿಯರನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ ಇಡೀ ಶಾಲೆಯ ಬಟ್ಟೆ ಒಗೆಸುತ್ತಾಳೆ. ಇನ್ನೊಬ್ಬಳು ಕನ್ನಡಿ ತೋರಿಸಿ ಮಕ್ಕಳಿಗೆ ಮಂಕು ಹಿಡಿಸುತ್ತಾಳೆ. ಆಟದ ಟೀಚರೊಬ್ಬಳು ಮಂಜಿನಲ್ಲಿ ಕಡಲ ಬಂಡೆಯ ಅಂಚಿನಗುಂಟ ಮಕ್ಕಳನ್ನು ಓಡಿಸುತ್ತಾಳೆ. ಕೊನೆಗೆ ಧೈರ್ಯದ ಹುಡುಗಿಯೊಬ್ಬಳು ಗುಟ್ಟು ರಟ್ಟು ಮಾಡುತ್ತಾಳೆ, ಹೆಡ್‌ಮಿಸ್ಟ್ರೆಸ್ ಸಿಕ್ಕಿಬೀಳುತ್ತಾಳೆ, ಮಕ್ಕಳೆಲ್ಲ ಕೇಕು ತಿನ್ನುತ್ತಾರೆ.

ಬೆತ್ತವನ್ನೇ ಕಂಡಿರದ ನಮ್ಮ ಕುವೈತಿನ ಶಾಲೆಯ ಹುಡುಗಿಯರಿಗೆ ಅದು ಹುಚ್ಚು ಹಿಡಿಸಿತು. ಎಂಟನೇ ತರಗತಿಯವರು ಊಟದ ಬಿಡುವಿನಲ್ಲಿ ಓಡಿ ಬಂದು ಪೆಟ್ಟಿಗೆಯ ಸುತ್ತ ಕೂರುತ್ತಿದ್ದರು. ನಾನೂ ಎಲ್ಲವನ್ನೂ ಓದಿದೆ.

ನಮ್ಮ ಗಣಿತದ ಟೀಚರ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಕುವೈತಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಫಿಂಟಾಸ್ ಬಡಾವಣೆಯಲ್ಲಿ ನರ್ಸೊಬ್ಬರ ಜತೆ ಫ್ಲ್ಯಾಟ್ ಹಂಚಿಕೊಂಡಿದ್ದರು. ನನ್ನ ಮನೆಯೂ ಅಲ್ಲೇ ಎರಡು ರಸ್ತೆಯಾಚೆ, ಹಾಗಾಗಿ ದಿನವೂ ನನ್ನ ಕಾರಿನಲ್ಲೇ ಹೋಗಿಬರುತ್ತಿದ್ದರು. ಅವರನ್ನು ಸಾಧು ಎಂದು ಹೇಳಿದರೆ ಸುಳ್ಳಾದೀತು. ಪರೀಕ್ಷೆಯ ಅಂಕಗಳನ್ನು ಕಡಿಮೆ ಬಂದವರಿಂದ ಶುರುಮಾಡಿ ಗಟ್ಟಿಯಾಗಿ ಓದುತ್ತಿದ್ದರು. ತಪ್ಪು ಲೆಕ್ಕ ಮಾಡಿದವರು ಉತ್ತರಪತ್ರಿಕೆ ಹಿಡಿದು ಬಾಗಿಲ ಹೊರಗೆ ನಿಲ್ಲಬೇಕು. ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದಾದರೆ ಮೂರು ತರಗತಿಗಳು ಮೌನವಾಗುತ್ತಿದ್ದವು. ಎಸಿಯ ಚಳಿಗೆಂದು ವರ್ಷವಿಡೀ ಕಪ್ಪು ಸ್ವೆಟರ್ ಹಾಕುತ್ತಿದ್ದರು, ಮೂಗು ಸ್ವಲ್ಪ ಉದ್ದ. ಮಕ್ಕಳಿಗೆ ಇನ್ನೇನು ಬೇಕು?

ಒಂದು ದಿನ ಎಂಟನೇ ತರಗತಿಯ ಹುಡುಗಿಯರು ಒಂದು ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟು ನಗುತ್ತ ಓಡಿಹೋದರು. ಅವರಲ್ಲೇ ಒಬ್ಬಳು ಬರೆದ ಕಾಮಿಕ್ಸ್. ಹಿಂದಿನ ವಾರ ಟೀಚರ್ ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದ್ದ, ನಮ್ಮೂರ ಕಡೆಯ ಕನ್ನಡದವರ ಮಗಳು. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಮೊದಲ ಪುಟದಲ್ಲೇ ನಮ್ಮ ಗಣಿತದ ಟೀಚರ್ ಎದ್ದು ಕಾಣುತ್ತಿದ್ದರು. ಕಥೆಯ ಹೆಡ್‌ಮಿಸ್ಟ್ರೆಸ್ ಲೆಕ್ಕ ತಪ್ಪಿದವರನ್ನು ಮರುಭೂಮಿಗೆ ಒಯ್ದು ಮರಳಿನ ಕಣ ಎಣಿಸಲು ಕೂರಿಸುತ್ತಿದ್ದಳು. ಕೊನೆಯ ಪುಟದಲ್ಲಿ ಅವಳಿಗೆ ಶಿಕ್ಷೆ. ಬಂಡೆಯಿಂದ ಬೀಳುವುದಿಲ್ಲ, ಪೊಲೀಸರು ಹಿಡಿಯುವುದೂ ಇಲ್ಲ. ಅಧಿಕಾರಿಯೊಬ್ಬ ಅವಳ ಇಕಾಮಾದ, ಅಂದರೆ ಈ ದೇಶದಲ್ಲಿರಲು ಕೊಡುವ ಪರವಾನಗಿಯ ಮೇಲೆ 'ಖಲಾಸ್' ಎಂದು ಮುದ್ರೆ ಒತ್ತಿ ವಿಮಾನ ಹತ್ತಿಸುತ್ತಾನೆ. ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಗೊತ್ತಿಲ್ಲ. ಆಕೆಯ ಮೂಗು ವಿಮಾನದ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು.

ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತಲೆಯೆತ್ತಿದಾಗ ಟೀಚರ್ ಬಾಗಿಲಲ್ಲಿ ನಿಂತಿದ್ದರು.

"ಎಂತ ಅದು? ಕೊಡು ಇಲ್ಲಿ" ಎಂದರು.

ಕೊಡದಿರಲು ಆಗಲಿಲ್ಲ. ನಿಂತಲ್ಲೇ ಒಂದೊಂದು ಪುಟವನ್ನೂ ಓದಿದರು, ಉತ್ತರಪತ್ರಿಕೆ ತಿದ್ದುವವರ ಹಾಗೆ ಮೇಲಿಂದ ಕೆಳಗೆ. ಕೊನೆಯ ಪುಟದಲ್ಲಿ ಬಹಳ ಹೊತ್ತು ನಿಂತರು.

"ಇದು ನಾನಾ?"

"ಅಲ್ಲ ಟೀಚರ್, ಆ ಇಂಗ್ಲಿಷ್ ಕಾಮಿಕ್ಸ್ ನೋಡಿ ಬರೆದದ್ದು."

"ನೀನು ಇದಕ್ಕೆ ನಗಾಡಿದ್ದಾ?"

"ಇಲ್ಲ. ಮೊಬೈಲಲ್ಲಿ ಏನೋ ಬಂದಿತ್ತು."

ಅವರು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. "ಅವಳಿಗೆ ವಾಪಸ್ ಕೊಡು. ನಾನು ನೋಡಿದ್ದೇನೆ ಅಂತ ಹೇಳ್ಬೇಡ. ಪರೀಕ್ಷೆ ಹತ್ರ ಉಂಟು, ಹೆದರಿಕೊಂಡಾಳು." ಆಮೇಲೆ ಆ ಪೆಟ್ಟಿಗೆಯನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಅವತ್ತು ಗುರುವಾರ, ಮುಂದೆ ಶುಕ್ರ-ಶನಿ ಇಲ್ಲಿಯ ವಾರದ ರಜೆ. ಸಂಜೆ ನಾನೇ ಅವರ ಕಟ್ಟಡದ ಲಿಫ್ಟಿನವರೆಗೆ ಹೊತ್ತುಕೊಟ್ಟೆ.

ಭಾನುವಾರ ಬೆಳಿಗ್ಗೆ ಕಾರು ಹತ್ತಿದವರೇ, "ಎಲ್ಲ ಓದಿದೆ, ಒಂದೂ ಬಿಡ್ಲಿಲ್ಲ" ಎಂದರು.

"ಹೇಗುಂಟು ಟೀಚರ್?"

"ಚಿತ್ರ ಒಳ್ಳೆದುಂಟು. ಆದ್ರೆ ಆ ಹೆಂಗಸರಿಗೆ ಒಬ್ಬಳಿಗೂ ಮನೆ ಇಲ್ಲ ನೋಡು. ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಾರೆ, ಎಂತ ಊಟ ಮಾಡ್ತಾರೆ, ಎಲ್ಲಿಯೂ ಬರೆದಿಲ್ಲ. ಸಿಕ್ಕಿಬಿದ್ದ ಮೇಲೆ ಎಂತ ಆಯ್ತು ಅಂತಲೂ ಇಲ್ಲ."

ನಾನು ಗೇರು ಬದಲಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಮುಂದಿನ ಲಾರಿಯನ್ನೇ ನೋಡುತ್ತ ಹೇಳಿದರು, "ಆ ಮಗುವಿಗೆ ಹೇಗೆ ಗೊತ್ತಾಯ್ತು ಅಂತಲೇ ನನಗೆ ಆಶ್ಚರ್ಯ."

"ಯಾವುದು?"

"ಇಕಾಮಾದ್ದು. ನಂದು ಈ ಜೂನಿಗೆ ಖಲಾಸ್. ಇನ್ನು ರಿನ್ಯೂ ಮಾಡುದಿಲ್ಲ ಅಂತ ಆಫೀಸಿನಲ್ಲಿ ಕರೆದು ಹೇಳಿದ್ದಾರೆ. ಎರಡು ವಾರ ಆಯ್ತು. ಯಾರಿಗೂ ಹೇಳಿರ್ಲಿಲ್ಲ."

ಹಸಿರು ಬಂದದ್ದು ನನಗೆ ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. "ಹೋಗು ಮಾರಾಯ್ತಿ, ಬೆಲ್ ಆಗ್ತದೆ" ಎಂದರು ಟೀಚರ್.

ನಕ್ಕದ್ದರ ನಿಜವನ್ನು ಆಗಲೇ ಹೇಳಿಬಿಡಬೇಕಿತ್ತು. ಮುಂದಿನ ಮೂರು ತಿಂಗಳು ದಿನಕ್ಕೆರಡು ಸಲ ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ನಾನು ಹೇಳಲಿಲ್ಲ.

ಜೂನಿನ ಕೊನೆಯ ಅಸೆಂಬ್ಲಿಯಲ್ಲಿ ಪ್ರಿನ್ಸಿಪಾಲರು ಅವರ ನಿವೃತ್ತಿಯ ಸುದ್ದಿ ಹೇಳಿದರು. ಮಾತು ಮುಗಿಯುವ ಮೊದಲೇ ಎಂಟನೇ ತರಗತಿಯ ಸಾಲಿನಿಂದ ನಾಲ್ಕೈದು ಚಪ್ಪಾಳೆ ಕೇಳಿತು. ಅದು ಸಂತೋಷ ತಡೆಯಲಾರದ ಚಪ್ಪಾಳೆ. ಗೌರವದ ಚಪ್ಪಾಳೆಯೆಂದು ತಿಳಿದು ಮುಂದಿನ ಸಾಲಿನವರೂ ತಟ್ಟಿದರು, ಶಿಕ್ಷಕರು ತಟ್ಟಿದರು, ಕಡೆಗೆ ಇಡೀ ಸಭಾಂಗಣ ಎದ್ದು ನಿಂತಿತು. ಟೀಚರ್ ವೇದಿಕೆಯ ಮೇಲೆ ಕೈಮುಗಿದು ನಿಂತಿದ್ದರು. ಮೊದಲ ಚಪ್ಪಾಳೆ ಎಲ್ಲಿಂದ ಬಂತೆಂದು ಅವರ ಕಣ್ಣು ಒಮ್ಮೆ ಹುಡುಕಿ ಕಂಡುಕೊಂಡಿತು, ಆಮೇಲೆ ಬೇರೆಡೆ ಹೊರಳಿತು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು.

ವಿಮಾನ ನಿಲ್ದಾಣಕ್ಕೆ ನಾನೂ ಆ ನರ್ಸೂ ಹೋಗಿದ್ದೆವು. ಎರಡು ಸೂಟ್‌ಕೇಸ್, ಒಂದು ಕೈಚೀಲ, ಅಷ್ಟೇ. ಒಳಗೆ ಹೋಗುವ ಮುಂಚೆ ಟೀಚರ್ ನನಗೆ, "ಮಕ್ಕಳ ಮಗ್ಗಿ ಗಟ್ಟಿ ಇಲ್ಲ. ಹೊಸಬರು ಬಂದರೆ ಹೇಳು" ಎಂದರು. ನರ್ಸ್ ಅಪ್ಪಿಕೊಂಡು ಅತ್ತರು. ನಾನು ಟ್ರಾಲಿ ತಳ್ಳಿಕೊಟ್ಟೆ.

ಮಂಗಳೂರಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನಡೆಸುವ ಹಾಸ್ಟೆಲೊಂದರಲ್ಲಿ ಅವರಿಗೆ ಕೋಣೆ ಸಿಕ್ಕಿತು. ಪ್ರತಿ ಶುಕ್ರವಾರ ನಾನು ಫೋನ್ ಮಾಡುತ್ತಿದ್ದೆ. ಮೊದಮೊದಲು ಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ ಎನ್ನುತ್ತಿದ್ದರು. ಆಮೇಲೆ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ ಎಂದರು. ಆಮೇಲೆ ಊಟ ಸೇರುವುದಿಲ್ಲ ಎಂದರು, ಆಸ್ಪತ್ರೆ, ಪರೀಕ್ಷೆಗಳು. ಧ್ವನಿ ಮಾತ್ರ ಹಾಗೇ ಇತ್ತು. ಒಂದು ಶುಕ್ರವಾರ ನಾನು ತಡೆಯಲಾರದೆ ಹೇಳಿದೆ.

"ಟೀಚರ್, ಅವತ್ತು ಲೈಬ್ರರಿಯಲ್ಲಿ ನಾನು ನಕ್ಕದ್ದು ಆ ಚಿತ್ರಕ್ಕೇ."

"ಗೊತ್ತುಂಟು. ನೀನು ನಗಾಡಿದ್ರೆ ಸ್ಟಾಫ್ ರೂಮಿಗೆ ಕೇಳ್ತದೆ."

"ಕ್ಷಮಿಸಿ."

"ನಗಾಡಿದ್ದಕ್ಕೆ ಎಂತಕ್ಕೆ ಕ್ಷಮೆ? ಅದು ನಗು ಬರುವ ಹಾಗೇ ಇತ್ತಲ್ಲ. ನನಗೂ ಮನೆಗೆ ಹೋದ ಮೇಲೆ ಬಂತು, ಆ ಮೂಗಿಗೆ." ಒಮ್ಮೆ ಕೆಮ್ಮಿದರು. "ನೀನು ಇಲ್ಲ ಅಂದಿಯಲ್ಲ, ಅದು ಬೇಜಾರಾಯ್ತು. ದಿನಾ ನಿನ್ನ ಕಾರಲ್ಲಿ ಬರ್ಬೇಕಲ್ಲ. ಯಾವ ಮಾತು ಖರೆ, ಯಾವ ಮಾತು ಸುಳ್ಳು ಅಂತ ನೋಡುದೇ ಕೆಲಸ ಆಯ್ತು ನಂಗೆ."

ಊಟದ ಗಂಟೆಯಾಯಿತು ಎಂದು ಅವರೇ ಫೋನಿಟ್ಟರು. ಅದಾದ ಮೇಲೆ ಎರಡು ಸಲ ಮಾತಾಡಿದೆವು, ಹವಾಮಾನ, ಔಷಧ ಇಂಥದ್ದೇ. ಮೂರನೇ ಶುಕ್ರವಾರ ಫೋನ್ ಎತ್ತಿದ್ದು ಸಿಸ್ಟರ್.

ಅಷ್ಟರಲ್ಲಿ ಆ ಕಾಮಿಕ್ಸ್ ಬರೆದ ಹುಡುಗಿ ಹತ್ತನೇ ತರಗತಿಗೆ ಬಂದಿದ್ದಳು. ಮರುದಿನ ಶಾಲೆ ಇರಲಿಲ್ಲ, ಭಾನುವಾರ ಲೈಬ್ರರಿ ಪೀರಿಯಡ್ಡಿಗೆ ಬಂದವಳನ್ನು ಕರೆದು ಹೇಳಿದೆ, ಹಳೆಯ ಗಣಿತದ ಟೀಚರ್ ಹೋಗಿಬಿಟ್ಟರು ಎಂದು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

"ಮ್ಯಾಮ್," ಎಂದಳು, ಆಮೇಲೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ, ತಡವರಿಸುತ್ತ ಕೇಳಿದಳು, "ಅವರು ಅದು ನೋಡಿದ್ರಾ? ನನ್ನ ಬುಕ್?"

ಹೇಳಬೇಡ ಎಂದಿದ್ದರು ಟೀಚರ್. ಅದು ಪರೀಕ್ಷೆಯ ಮಾತು, ಆ ಪರೀಕ್ಷೆ ಮುಗಿದು ಎರಡು ವರ್ಷವಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

"ನೋಡಿದ್ದರು" ಎಂದೆ. "ಚಿತ್ರ ಕಂಡು ಅವರಿಗೂ ನಗು ಬಂದಿತ್ತಂತೆ."

ಅವಳು ತಲೆಯಾಡಿಸಿದಳು. ಬಾತ್‌ರೂಮಿಗೆ ಹೋಗಬಹುದೇ ಎಂದು ಕೇಳಿದಳು. ಹೋಗು ಎಂದೆ. ಬೆಲ್ ಆಗುವವರೆಗೂ ಅವಳು ಮರಳಿ ಬರಲಿಲ್ಲ. ನಾನು ಅವಳ ಪುಸ್ತಕಗಳನ್ನು ಒಟ್ಟುಮಾಡಿ, ಗೆಳತಿಯ ಕೈಯಲ್ಲಿ ಕ್ಲಾಸಿಗೆ ಕಳಿಸಿದೆ.