ಎಲೆಯ ಬಾಯಿ ತೋರಿಸಿದ ಅಕ್ಕೋರು

ಸುಮಂಗಲಾ ಅಕ್ಕೋರ ಉಗುರಿನ ಮೇಲೆ ಬಣ್ಣ ಕಂಡವರು ಯಾರೂ ಇಲ್ಲ. ಆದರೂ ಅವರ ಚೀಲದಲ್ಲಿ ನೇಲ್ ಪಾಲಿಶ್ ಶೀಶೆಯೊಂದು ಇದ್ದೇ ಇರುತ್ತಿತ್ತು. ಅಕ್ಕಿಆಲೂರಿನ ಸಂತೆಯಲ್ಲಿ ಬಳೆ ಮಾರುವವಳು, "ಈ ಕೆಂಪು ನಿಮ್ಮ ಕೈಗೆ ಚಂದ ಒಪ್ಪತೈತ್ರಿ" ಎಂದರೆ, "ನನಗಲ್ಲವ್ವಾ, ದಾಸವಾಳದ ಎಲಿಗೆ. ಬಣ್ಣ ಇಲ್ಲದ್ದು ಕೊಡು" ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಎಲೆಯ ಹಿಂಬದಿಗೆ ಪಾಲಿಶ್ ಬಳಿದು, ಒಣಗಿದ ಪೊರೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಣ್ಣ ಸಣ್ಣ ಬಾಯಿಗಳ ಅಚ್ಚು ಕಾಣುತ್ತದೆ. ಪುಸ್ತಕದಲ್ಲಿ ಅದು ಪತ್ರರಂಧ್ರ. ಅಕ್ಕೋರಿಗೆ ಬಾಯಿಯೇ. ಗಿಡ ಅನ್ನ ಮಾಡಿಕೊಳ್ಳಲು ಬೇಕಾದ ಗಾಳಿ ಒಳಹೊರಗೆ ಆಡುವುದು ಅಲ್ಲಿ, ನೀರು ಆವಿಯಾಗಿ ಹೋಗುವುದೂ ಅಲ್ಲಿ. "ಬಾಯಿ ತಗದ್ರ ನೀರು ಹೋಗತೈತಿ, ಮುಚ್ಚಿದ್ರ ಉಪಾಸ. ಗಿಡದ ಸಂಸಾರನೂ ನಮ್ಮಂಗ ನೋಡ್ರಿ" ಎಂದು ನಗುತ್ತಿದ್ದರು.

ರಸ್ತೆ ಅಗಲ ಮಾಡಲು ಗುರುತು ಹಾಕಿದ ವರ್ಷ, ನಮ್ಮ ಮನೆ ಮುಂದಿನ ಅರಳಿಗಿಡ ಆ ಗುರುತಿನೊಳಗೆ ಬಂತು. ನಾವು ಬೌದ್ಧರು. ತಂಗಿ ಹುಟ್ಟಿದಾಗ ಅಪ್ಪ ನೆಟ್ಟ ಗಿಡ ಅದು. ಹುಣ್ಣಿಮೆಯ ವಂದನೆ ಅದರಡಿಯಲ್ಲೇ ನಡೆಯುತ್ತಿತ್ತು.

"ಅದನ್ನ ಕಡಿಯೋದು ನೋಡಾಕ ನಾ ಇರೂದಿಲ್ಲ. ಗೊಟಗೋಡಿಗೆ ಅಕ್ಕನ ಮನಿಗೆ ಹೋಗತೇನಿ" ಎಂದು ಅಪ್ಪ ಚೀಲ ತುಂಬತೊಡಗಿದ.

ಅಕ್ಕೋರು ಬಾಗಿಲಿಗೆ ಬಂದರು. "ಕಡಿಯೋದ್ಯಾಕ್ರಿ ಕಾಕಾ? ಬೇರು ಸಮೇತ ಎತ್ತಿ ನಿಮ್ಮ ಹೊಲದ ಬದುವಿನ್ಯಾಗ ಹಚ್ಚೋಣ. ಆದ್ರ ಟೊಂಗಿ ಕಡದು, ಎಲಿ ಒಂದೂ ಇಲ್ದಂಗ ಮಾಡಬೇಕು."

ಅಪ್ಪನಿಗೆ ಸಿಟ್ಟು ಬಂತು. "ಎಲಿ ತಗದ್ರ ಅದು ಉಸಿರಾಡೋದು ಹೆಂಗ್ರಿ? ಉಳಸಾಕ ಬಂದೀರೋ, ಕೊಲ್ಲಾಕೋ?"

ಅಕ್ಕೋರು ಒಂದು ಅರಳಿ ಎಲೆ ಕಿತ್ತು, ಪಾಲಿಶ್ ಬಳಿದು, ಶಾಲೆಯ ಸೂಕ್ಷ್ಮದರ್ಶಕದ ಮುಂದೆ ಅಪ್ಪನನ್ನು ಕೂಡಿಸಿದರು. ಅಪ್ಪ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಇಷ್ಟೊಂದು ಬಾಯೇನ್ರಿ!"

"ಹೌದ್ರಿ. ಅಗದ್ರ ಬೇರು ಹರೀತಾವ, ಕುಡಿಯೂದು ಕಡಿಮಿ ಆಕೈತಿ. ಈ ಬಾಯಿ ಮಾತ್ರ ನೀರು ಕಳಕೋತನ ಇರತಾವ. ಕಾಂಡದಾಗ, ಬೇರಿನಾಗ ಕೂಡಿಟ್ಟ ಅನ್ನ ಐತಿ. ಹೊಸ ಎಲಿ ಬರೂತನಕ ಅದರ ಮ್ಯಾಲ ಜೀವ ಹಿಡಿಯತೈತಿ."

ಟೊಂಗೆಗಳನ್ನು ಕೊನೆಗೆ ಅಪ್ಪನೇ ಕಡಿದ. ಜೆಸಿಬಿ ಮಣ್ಣಿನ ಹೆಂಟೆಯ ಸಮೇತ ಗಿಡವನ್ನೆತ್ತಿತು. ಬೇರಿಗೆ ಗೋಣಿತಾಟು ಸುತ್ತಿ, ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ದು ನೆಟ್ಟೆವು. ಹಾದುಹೋಗುವವರು "ಏನ್ರಿ, ಲೈಟಿನ ಕಂಬ ನೆಟ್ಟೀರೇನು" ಎಂದು ಚೇಷ್ಟೆ ಮಾಡಿದರು. ಅಪ್ಪ ದಿನಾ ನೀರು ಹಾಕಿ ಬರುತ್ತಿದ್ದ. ಅಕ್ಕೋರು ಶಾಲೆ ಬಿಟ್ಟ ಮೇಲೆ ಹೋಗಿ, ತೊಗಟೆ ಚೂರು ಕೆರೆದು, "ಒಳಗಿನ್ನೂ ಹಸರ ಐತ್ರಿ" ಎನ್ನುತ್ತಿದ್ದರು. ಅಷ್ಟೇ ಮಾತು ಹಿಡಿದುಕೊಂಡು ನಾವು ಕಾದೆವು.

ಮಳೆಗಾಲ ಹಿಡಿದ ಮೇಲೆ ಒಂದು ಮುಂಜಾನೆ ಅಪ್ಪ ಬರಿಗಾಲಲ್ಲೇ ಓಡಿಬಂದ. "ಅಕ್ಕೋರ! ಚಿಗತೈತ್ರಿ! ಕೆಂಪನ್ನ ಚಿಗುರು!" ಅವ್ವ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ವರ್ಷ ಅಕ್ಕೋರಿಗೆ ಹಿರೇಕೆರೂರಿನ ಕಡೆ ವರ್ಗವಾಯಿತು. ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದಾಗ ಅಪ್ಪ ಕೇಳಿದ: "ಗಿಡ ಬದುಕತೈತಿ ಅಂತ ನಿಮಗ ಖಾತ್ರಿ ಇತ್ತಲ್ರಿ?"

"ಇರಲಿಲ್ರಿ ಕಾಕಾ. ಚಿಗುರು ಕಾಣೂತನಕ ನನಗೂ ನೆಟ್ಟಗ ನಿದ್ದಿ ಬಂದಿಲ್ಲ."

ಅಪ್ಪ ಜೋರಾಗಿ ನಕ್ಕ. ಅವರೂ ನಕ್ಕರು. ಬಸ್ಸು ಹೊರಟಾಗಲೂ ಕಿಟಕಿಯಲ್ಲಿ ಅವರ ನಗು ನಿಂತಿರಲಿಲ್ಲ.